ನೆರಳು ಮಂತ್ರಿಯ ತುರ್ತು ಪ್ರಶ್ನೆ

ವೆಸ್ಟ್‌ಮಿನ್‌ಸ್ಟರಿನ ಪಾರ್ಲಿಮೆಂಟಿನಲ್ಲಿ ಮೋರಾಗ್ ಟೆನೆಂಟ್ ನೆರಳು ಗೃಹಮಂತ್ರಿ. ವಿರೋಧ ಪಕ್ಷದ ಪರವಾಗಿ ಪೊಲೀಸು, ಗಡಿ, ಕಳ್ಳಕಾಕರ ವಿಷಯವನ್ನೆಲ್ಲ ಕೆದಕುವುದು ಅವಳ ಕೆಲಸ. ಹೆಸರಿಗೇನೋ ಮಂತ್ರಿ, ಒಬ್ಬ ಪೇದೆಯನ್ನು ಈ ಬೀದಿಯಿಂದ ಆ ಬೀದಿಗೆ ಕಳಿಸುವ ಅಧಿಕಾರವೂ ಇಲ್ಲ. ಇರುವುದೊಂದು ನಾಲಿಗೆ. ಅದನ್ನು ಬಳಸುವುದರಲ್ಲಿ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ. ನಿಜವಾದ ಗೃಹಮಂತ್ರಿ ಡಂಕನ್ ಪ್ರೌಸ್‌ಗೆ ಎಷ್ಟೋ ಸಲ ಎಲ್ಲರೆದುರೇ ಬೆವರಿಳಿಸಿದ್ದಳು.

ಆ ಸೋಮವಾರ ಅವಳು ಕೇಳಿದ್ದ ತುರ್ತು ಪ್ರಶ್ನೆಗೆ ಸ್ಪೀಕರ್ ಒಪ್ಪಿಗೆ ಕೊಟ್ಟಿದ್ದರು. ಪ್ರಶ್ನೆಯ ತಲೆಬರಹ ಸಾಧಾರಣದ್ದೇ: ಪೊಲೀಸರು ಅರ್ಧಕ್ಕೇ ಕೈಬಿಟ್ಟ ತನಿಖೆಗಳು. ನಿಜವಾದ ಬಾಣ ಬೇರೆ ಇತ್ತು. ಮಂತ್ರಿ ಉತ್ತರ ಕೊಟ್ಟ ಮೇಲೆ ಮರುಪ್ರಶ್ನೆಗೆ ಎದ್ದು ವೇಯ್ನ್ ಸ್ಟಬ್ಸ್ ಎನ್ನುವವನ ಹೆಸರು ಹೇಳುವುದು. ಅವಳ ಕ್ಷೇತ್ರ ಥಾರ್ನ್‌ಬಿಯಲ್ಲಿ ಡೋರೀನ್ ಹ್ಯಾಕೆಟ್‌ಳ ಮಗ ಕ್ರೇಗ್‌ನನ್ನು ಕಾರು ಹತ್ತಿಸಿ ಕೊಂದವನು ಈ ಸ್ಟಬ್ಸ್. ಪೊಲೀಸರು ಹಿಡಿದರು, ಮಾರನೆಯ ದಿನ ಬಿಟ್ಟರು, ಆಮೇಲೆ ಕಡತವನ್ನೇ ಮುಚ್ಚಿದರು. ಡೋರೀನ್ ಅವನನ್ನು ಮಾರುಕಟ್ಟೆಯಲ್ಲಿ ಮೀನು ಕೊಳ್ಳುವಾಗ ಕಂಡಿದ್ದಳು. ಹೊರಗೆ ಆ ಹೆಸರು ಹೇಳಿದರೆ ಮಾನನಷ್ಟದ ಮೊಕದ್ದಮೆ, ಪತ್ರಿಕೆಯವರೂ ಹಿಂದೆ ಸರಿದಿದ್ದರು. ಸಭೆಯೊಳಗೆ ಹೇಳಿದರೆ ಯಾರೂ ಏನೂ ಮಾಡುವಂತಿಲ್ಲ. "ನಾನು ಹೇಳ್ತೀನಿ ಡೋರೀನ್, ಗಟ್ಟಿಯಾಗಿ ಹೇಳ್ತೀನಿ. ನೀನು ಬಂದು ಮೇಲೆ ಗ್ಯಾಲರೀಲಿ ಕೂತು ಕೇಳು" ಎಂದು ಮೋರಾಗ್ ಮಾತು ಕೊಟ್ಟಿದ್ದಳು. ಡೋರೀನ್ ಬೆಳಗಿನ ರೈಲು ಹಿಡಿದು ಬಂದೂ ಆಗಿತ್ತು.

ಊಟದ ಹೊತ್ತಿಗೆ ಪ್ರೌಸ್‌ನಿಂದ ಕರೆ ಬಂತು. ಪ್ರಿವಿ ಕೌನ್ಸಿಲ್ ಷರತ್ತಿನ ಮೇಲೆ, ಅಂದರೆ ಕೇಳಿದ್ದನ್ನು ಯಾರಿಗೂ ಹೇಳಬಾರದೆಂಬ ಆಣೆಯ ಮೇಲೆ, ಎರಡು ಮಾತಾಡಬೇಕಂತೆ.

ಮೋರಾಗ್‌ಳ ಸಹಾಯಕಿ ನೆರಿಸ್ ತಿನ್ನುತ್ತಿದ್ದ ಸ್ಯಾಂಡ್‌ವಿಚ್ ಕೆಳಗಿಟ್ಟಳು. "ಹೋಗ್ಬೇಡಿ ಮೋರಾಗ್. ಇದು ಆ ಮನುಷ್ಯನ ಹಳೇ ಆಟ. ಒಂದ್ಸಲ ಕಿವಿಗೆ ಹಾಕ್ಕೊಂಡ್ರೆ ಮುಗೀತು, ಬಾಯಿ ಹೊಲಿದ ಹಾಗೇ. ನಿಮ್ಮ ಗಂಡಂಗೂ ಹೇಳೋ ಹಾಗಿಲ್ಲ, ನಮ್ಮ ನಾಯಕರಿಗೂ ಹೇಳೋ ಹಾಗಿಲ್ಲ. ಕೇಳ್ದೇ ಇದ್ರೆ ನೀವು ಸ್ವತಂತ್ರರು."

"ಹೆದರಿದಾನೆ ಕಣೆ. ಕೈ ಮುಗಿಯೋಕೆ ಕರೀತಿದಾನೆ. ಆ ಮುಖ ನೋಡ್ದೇ ಬಿಡಲಾ?"

ಜಂಭವೆಂದರೆ ಇದೇ. ಪ್ರೌಸ್ ಅಂಗಲಾಚುವುದನ್ನು ಕಣ್ಣಾರೆ ಕಾಣುವ ಆಸೆಗೆ ಅವಳು ಎದ್ದು ಹೋದಳು.

ಸ್ಪೀಕರ್ ಪೀಠದ ಹಿಂದಿನ ಕೋಣೆಯಲ್ಲಿ ಪ್ರೌಸ್ ಒಬ್ಬನೇ ಇದ್ದ. ಚಹಾ ಬೇಕೇ ಎಂದೂ ಕೇಳಲಿಲ್ಲ.

"ಸ್ಟಬ್ಸ್ ಹೆಸರು ಎತ್ತಬೇಕು ಅಂತಿದೀರಿ, ಅಲ್ವಾ?"

"ಎತ್ತೇ ಎತ್ತುತ್ತೀನಿ. ಯಾಕೆ ಬಿಟ್ರಿ ಅವನನ್ನ?"

"ಅವನು ಈಗ ನಮ್ಮೋನು. ಹುಡುಗೀರನ್ನ ಸಾಗಿಸೋ ಒಂದು ಗುಂಪಿದೆ, ಅದರೊಳಗೆ ಇದಾನೆ. ಒಂದು ಮನೇಲಿ ಹುಡುಗೀರನ್ನ ಕೂಡಿ ಹಾಕಿದಾರೆ, ಎಲ್ಲಿ ಅನ್ನೋದನ್ನ ಇನ್ನೂ ಪತ್ತೆ ಮಾಡ್ತಿದಾನೆ. ಪೊಲೀಸರು ಅವನನ್ನ ಬೇಕಂತಲೇ ಬಿಟ್ರು ಅಂತ ನೀವು ಇವತ್ತು ಹೇಳಿದ್ರೆ, ಸಂಜೆಯೊಳಗೆ ಅವನೂ ಇರಲ್ಲ, ಆ ಮಕ್ಕಳೂ ಸಿಗಲ್ಲ."

ಸುಳ್ಳಿರಬಹುದೇ ಎಂದು ಮೋರಾಗ್ ಅವನ ಮುಖವನ್ನೇ ನೋಡಿದಳು. ಇಷ್ಟು ವರ್ಷ ಎದುರುಬದುರು ಕೂತು ಜಗಳವಾಡಿದ್ದರಿಂದ ಅವನು ಸುಳ್ಳು ಹೇಳುವಾಗಿನ ಮುಖ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇದು ಆ ಮುಖವಲ್ಲ.

"ಎಲ್ಲ ಮುಗಿದ ಮೇಲೆ? ಆ ತಾಯಿಗಾದ್ರೂ ಹೇಳಬಹುದಾ?"

"ಇಲ್ಲ. ಅವನು ಬೇರೆ ಹೆಸರಲ್ಲಿ ಬದುಕಬೇಕು. ಯಾವತ್ತೂ ಹೇಳೋ ಹಾಗಿಲ್ಲ." ಪ್ರೌಸ್ ಕನ್ನಡಕ ತೆಗೆದು ಒರೆಸಿದ. "ಕೇಳಬೇಡಿ ಅನ್ನಲ್ಲ ನಾನು. ಕೇಳೋದು ನಿಮ್ಮ ಹಕ್ಕು."

"ಥೂ, ನಿಮ್ಮ ಹಕ್ಕಿಗಿಷ್ಟು!" ಎಂದು ಅವಳು ಬಾಗಿಲು ದಡಾರನೆ ಎಳೆದುಕೊಂಡು ಹೊರಬಂದಳು. ಒಬ್ಬ ಕೊಲೆಗಾರನನ್ನು ಕಾಯುವ ಕೆಲಸ ಈಗ ಅವಳ ಪಾಲಿಗೂ ಬಂದಿತ್ತು.

ಪ್ರಶ್ನೆಯನ್ನೇ ವಾಪಸು ಪಡೆದರೆ ಏಕೆಂದು ಎಲ್ಲರೂ ಮೂಗು ತೂರಿಸುತ್ತಾರೆ. ಕೇಳಲೇಬೇಕು, ಕೇಳಿಯೂ ಏನೂ ಕೇಳದಂತಿರಬೇಕು. ಸ್ಟಬ್ಸ್ ಹೆಸರಿದ್ದ ಮರುಪ್ರಶ್ನೆಯ ಹಾಳೆಯನ್ನು ಹರಿದು ಹಾಕಲು ನೆರಿಸ್‌ಗೆ ಹೇಳಿದಳು. ನೆರಿಸ್ ಅವಳ ಮುಖ ನೋಡಿ, ಏನನ್ನೂ ಕೇಳದೆ, ಹರಿದಳು.

ಸಭೆ ತುಂಬಿತ್ತು. ಮೋರಾಗ್‌ಳ ತುರ್ತು ಪ್ರಶ್ನೆಯೆಂದರೆ ಎರಡೂ ಕಡೆಯವರಿಗೆ ಹಬ್ಬ. ಪ್ರೌಸ್ ಬರೆದು ತಂದದ್ದನ್ನು ಓದಿದ. ಅವಳು ಎದ್ದು ಪೇದೆಗಳ ಕೊರತೆ, ತರಬೇತಿ, ಹಳೆಯ ಕಂಪ್ಯೂಟರುಗಳು ಎಂದು ಅದನ್ನಿದನ್ನು ಕೇಳಿದಳು. ಕ್ರೇಗ್‌ನ ಹೆಸರೆತ್ತಿದರೂ ಸ್ಟಬ್ಸ್‌ನವರೆಗೆ ದಾರಿ ಸಿಕ್ಕೀತೆಂದು ಅದನ್ನೂ ನುಂಗಿದಳು. ಹಿಂದಿನ ಸಾಲಿನ ಅವಳ ಪಕ್ಷದವರೇ ಮುಖ ಮುಖ ನೋಡಿಕೊಂಡರು.

"ಇಷ್ಟಕ್ಕೇನಮ್ಮ ನಮ್ಮನ್ನೆಲ್ಲ ಓಡಿಸಿಕೊಂಡು ಬಂದಿದ್ದು?" ಎದುರಿನಿಂದ ಯಾರೋ ಕೂಗಿದರು.

ಪ್ರೌಸ್ ಸುಮ್ಮನಿದ್ದಿದ್ದರೆ ಅನುಮಾನ ಬರುತ್ತಿತ್ತು. ಆದ್ದರಿಂದ ಅವನೂ ಎದ್ದ. "ಮಾನ್ಯ ಸದಸ್ಯರು ಸಿಡಿಲಾಗ್ತಾರೆ ಅಂತ ನಾನು ಕೊಡೆ ತಂದಿದ್ದೆ, ಸ್ಪೀಕರ್ ಅವರೇ. ಒಂದು ಹನೀನೂ ಬೀಳಲಿಲ್ಲ!" ಸಭೆ ಬಿದ್ದು ಬಿದ್ದು ನಕ್ಕಿತು. ಪ್ರೌಸ್ ನಗಲಿಲ್ಲ. ಮೋರಾಗ್ ಗ್ಯಾಲರಿಯ ಕಡೆ ತಲೆಯೆತ್ತಲಿಲ್ಲ.

ಡೋರೀನ್ ಹೊರಗಿನ ಲಾಬಿಯಲ್ಲಿ ಕೋಟಿನ ಗುಂಡಿ ಹಾಕಿಕೊಂಡು ನಿಂತಿದ್ದಳು. ಮೋರಾಗ್ ಬೈಗುಳಕ್ಕೆ ಸಿದ್ಧಳಾಗಿಯೇ ಹೋದಳು. ಬೈದರೆ ಎಷ್ಟೋ ವಾಸಿ ಅನಿಸಿತ್ತು.

"ಅವನ ಹೆಸರು ಹಾಳಾಗಿ ಹೋಗ್ಲಿ" ಎಂದಳು ಡೋರೀನ್. "ನನ್ನ ಮಗನ ಹೆಸರಾದ್ರೂ ಹೇಳಬಹುದಿತ್ತಲ್ಲ ಕಣಮ್ಮ?"

ಕಾರಣವಿದೆ ಎಂದರೂ ಗುಟ್ಟನ್ನು ಅರ್ಧ ಹೇಳಿದಂತೆಯೇ. ಮೋರಾಗ್‌ಗೆ ತನ್ನ ಮರ್ಯಾದೆಯ ಹೊರತು ಮುಂದಿಡಲು ಬೇರೇನೂ ಇರಲಿಲ್ಲ.

"ಭಯ ಆಯ್ತು ಡೋರೀನ್. ಎದ್ದು ನಿಂತೆ, ಧೈರ್ಯ ಸಾಲಲಿಲ್ಲ."

ಡೋರೀನ್‌ಳ ಮುಖ ಸಡಿಲವಾಯಿತು. ಹತ್ತಿರ ಬಂದು ಮೋರಾಗ್‌ಳ ಎರಡೂ ಕೈ ಹಿಡಿದುಕೊಂಡಳು.

"ಅಯ್ಯೋ, ಅಷ್ಟೇನಾ? ಕ್ರೇಗ್‌ನ ಶವ ಗುರುತು ಹಿಡಿಯೋಕೆ ಕರೆದಾಗ ನನಗೂ ಬಾಯೇ ಬರಲಿಲ್ಲ ಕಣೆ, ಹೌದು ಅನ್ನೋಕೂ ಆಗಲಿಲ್ಲ. ಅಳಬೇಡ. ನನಗೇನೂ ಆತುರ ಇಲ್ಲ. ಮುಂದಿನ ಸಲ ಕೇಳೀಯಂತೆ, ನಾನು ಮತ್ತೆ ಬಂದು ಮೇಲೆ ಕೂತ್ಕೋತೀನಿ. ಭಯ ಆದ್ರೆ ನನ್ನ ಕಡೆ ನೋಡು, ಆಯ್ತಾ?"

"ಆಯ್ತು" ಎಂದಳು ಮೋರಾಗ್.