ದಾಖಲೆಯ ಅಕ್ಕ

ಹಿಪ್ಪುನೇರಳೆ ಶರಬತ್ತು ತೀರಾ ಸಿಹಿ, ಹಲ್ಲು ಜುಮ್ಮೆನ್ನುತ್ತಿದೆ, ಆದರೂ ಹಿಯಾಮ್ ಇನ್ನೊಂದು ಗುಟುಕು ಕುಡಿದಳು, ಬಾಯಿಗೆ ಕೆಲಸವಿದ್ದರೆ ಮಾತು ಜಾರುವುದಿಲ್ಲ — ಎದುರಿಗೆ ಮದುಮಗ ನಬೀಹ್, ಹೊಸ ಕೋಟು, ಕಾಲರಿನ ಹಿಂದೆ ದಾರವೊಂದು ಇಣುಕಿದೆ, ಎದ್ದು ಕಿತ್ತುಹಾಕಲೇ, ಬೇಡ, ಅಕ್ಕಂದಿರು ಅಷ್ಟೆಲ್ಲ ಗಮನಿಸುವುದಿಲ್ಲ, ಗಮನಿಸುತ್ತಾರೋ ಏನೋ, ಇಪ್ಪತ್ತಾರು ವರ್ಷ ಅಕ್ಕನಾಗಿದ್ದರೂ ಅವಳಿಗೆ ಅದರ ಅಳತೆ ಸಿಕ್ಕಿಲ್ಲ. ಅವನನ್ನು ಹೆತ್ತವಳು ಅವಳೇ, ಲೆಬನಾನಿನ ಇದೇ ಸೈದಾದಲ್ಲಿ, ಬಂದರಿನ ಹಿಂದಿನ ಮನೆಯಲ್ಲಿ, ಸೂಲಗಿತ್ತಿ ಕಾಗದ ತುಂಬುವಾಗ ಅಪ್ಪ ಬಾಗಿಲಲ್ಲಿ ನಿಂತು ಅಂದಿದ್ದ, ನಿನ್ ಗಂಡ ಈಜಿಪ್ಟಿನವ್ನು ಕಣೇ, ನಿನ್ ಹೆಸರಲ್ಲಿ ಬರೆಸಿದ್ರೆ ಈ ಕೂಸು ಹುಟ್ಟಿದೂರಲ್ಲೇ ಪರದೇಶಿ, ಇಲ್ಲಿರೋಕೆ ಅಪ್ಪಣೆ ಚೀಟಿ ಕೇಳ್ತಾ ಅಲೀಬೇಕು, ನಿನ್ನಣ್ಣನ ಹೆಂಡ್ತಿ ಬ್ರೆಜಿಲ್‌ನೋಳು, ಆದ್ರೂ ಅವ್ನ ಮಕ್ಳು ಲೆಬನಾನಿನವ್ರು, ಅವ್ನು ಗಂಡಸು, ಕಾನೂನು ಹಂಗಿದೆ, ನಮ್ ಮಗ ಅಂತ್ಲೇ ಬರೆಸ್ತೀನಿ, ನಿಮ್ಮಮ್ಮ ಫಹೀಮಾಗಿನ್ನೂ ನಲವತ್ನಾಲ್ಕು, ಯಾರೂ ಕೇಳಲ್ಲ. ಯಾರೂ ಕೇಳಲಿಲ್ಲ. ಗಂಡ ಶಾಕಿರ್ ತಲೆ ತಗ್ಗಿಸಿ ಹೂಂ ಅಂದ, ಎರಡು ವರ್ಷದ ಮೇಲೆ ತನ್ನೂರಿಗೆ ಹೋದವನು ತಿರುಗಿ ಬರಲಿಲ್ಲ.

ಅವಳ ಹಾಲು ಕುಡಿದ ಬಾಯಿ ಮೊದಲು ಅಮ್ಮ ಅಂದದ್ದೂ ಅವಳನ್ನೇ, ಅವಳು ಆ ಬಾಯಿಗೆ ಕೈ ಅಡ್ಡ ಹಿಡಿದಳು, ಅಕ್ಕ ಅನ್ನು ಪುಟ್ಟಾ, ಅಕ್ಕ — ಅವನಿಗೆ ಹನ್ನೆರಡು ತುಂಬಿದಾಗ ನಿಜ ಹೇಳಿದ ಮೇಲೆ, ಇಬ್ಬರೇ ಇದ್ದಾಗ ಅವನು ಏನೂ ಅಂತ ಕರೆಯುವುದಿಲ್ಲ, ಇಲ್ನೋಡು ಅನ್ನುತ್ತಾನೆ, ಅಷ್ಟೇ, ತುಂಬಿದ ಈ ಮನೆಯಲ್ಲಿ ಅವಳಷ್ಟು ಒಂಟಿ ಯಾರೂ ಇಲ್ಲ, ಒಂದೇ ಒಂದು ಸಲ ಎದ್ದು ನಿಂತು ಇವನು ನನ್ನ ಮಗ ಅಂದುಬಿಟ್ಟರೆ, ಅಂದರೆ ಅವನ ಪೌರತ್ವ ಹೋಗುತ್ತದೆ, ಪುರಸಭೆಯ ಕೆಲಸ ಹೋಗುತ್ತದೆ, ಅವನ ಕೈಹಿಡಿಯಲಿರುವ ಈ ಹುಡುಗಿಯೂ. ನಿಕಾಹ್ ಮಾಡಿಸಲು ಬಂದ ಶೇಖ್ ಕನ್ನಡಕ ಸರಿಪಡಿಸಿಕೊಂಡು ದಾಖಲೆ ಓದುತ್ತಿದ್ದಾನೆ, ವರನ ತಾಯಿ ಫಹೀಮಾ — ಪಾಪ, ತೀರ್ಕೊಂಡು ಮೂರು ವರ್ಷ ಆಯ್ತು, ಯಾರೋ ಅಂದರು. ಹುಡುಗಿಯ ತಾಯಿ ಸಲ್ವಾ ಅವಳ ಮೊಣಕೈ ಹಿಡಿದಳು, ನೀವು ತಮ್ಮಂಗೆ ತಾಯಿ ಇಲ್ಲ ಅನ್ನೋ ಕೊರತೆ ಕಾಣಿಸ್ದೆ ನೋಡ್ಕೊಂಡ್ರಿ ಹಿಯಾಮ್ ಅಕ್ಕ, ಬನ್ನಿ, ಅವನ್ನ ಹೆತ್ತ ಜೀವಕ್ಕೆ ಶಾಂತಿ ಸಿಗ್ಲಿ, ಎಲ್ರೂ ಒಂದು ಫಾತಿಹಾ ಓದೋಣ. ಅಂಗೈಗಳು ಮೇಲೆದ್ದವು, ನಬೀಹನವೂ, ಅವನು ಅವಳನ್ನು ನೋಡಿದ, ಕಣ್ಣು ಮುಚ್ಚಿ ಓದತೊಡಗಿದ, ಹೆತ್ತವಳಿಗಾಗಿ, ಸತ್ತವಳಿಗಾಗಿ, ಹಿಯಾಮ್ ಗ್ಲಾಸು ಕೆಳಗಿಟ್ಟಳು, ತನ್ನ ಕೈಯನ್ನೂ ಎತ್ತಬೇಕು, ಎಲ್ಲರೂ ಎತ್ತಿದ್ದಾರೆ, ಎತ್ತಿದಳು, ಎದುರಿಗೆ ಮಗನ ಅಂಗೈ, ತೆರೆದ ಅಂಗೈ, ಅವನ ಅಂಗೈ