ಪ್ರೀತಂ ಬಿಚ್ಚಿಟ್ಟ ಡಾಬು

ತೆಂಗಿನ ಮರ ಹತ್ತುವವರ ಮನೆಗಳಲ್ಲಿ ಬೆಳಿಗ್ಗೆ ಒಂದು ಮಾತು ತಪ್ಪದೆ ಕೇಳಿಸುತ್ತದೆ. ಗಂಡ ಮಚ್ಚು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸಲು ದಾಟುವಾಗ ಹೆಂಡತಿ ಒಲೆಯ ಮುಂದಿನಿಂದಲೇ ಕೂಗುತ್ತಾಳೆ, "ನೋಡ್ಕೊಂಡು ಅತ್ತು." ಅವನು "ಊಂ" ಅನ್ನುತ್ತಾನೆ. ಅಲ್ಲಿಗೆ ಇಬ್ಬರ ಜವಾಬ್ದಾರಿಯೂ ಮುಗಿಯಿತು. ಬೆಸಗರಹಳ್ಳಿಯ ಹುಚ್ಚೀರಯ್ಯನ ಮನೆಯಲ್ಲಿ ಈ ಮಾತು ಮೂವತ್ತೈದು ವರ್ಷ ನಡೆದುಕೊಂಡು ಬಂತು. ಒಂದು ದಿನ ನೋಡಿಕೊಂಡು ಹತ್ತಿದವನೇ ಬಿದ್ದ.

ಬಿದ್ದವನು ಹುಚ್ಚೀರಯ್ಯನಲ್ಲ, ಅವನ ಹಿರಿಯ ಮಗ ಪ್ರೀತಂ. ಇಪ್ಪತ್ತೊಂಬತ್ತು ವರ್ಷ. ಹೆಂಡತಿ ಪುಷ್ಪಾ, ಮೂರು ವರ್ಷದ ಮಗಳು ದೀಪಿಕ. ಮದ್ದೂರಿನ ಮಾರುಕಟ್ಟೆಗೆ ಎಳನೀರು ತುಂಬಿ ಕಳಿಸುವ ಅವಸರದಲ್ಲಿದ್ದರು. ಮರದ ತಲೆಯಲ್ಲಿ ಪ್ರೀತಂ ಹಿಡಿದ ಒಣ ಗರಿ ಕೈಯಲ್ಲೇ ಕಿತ್ತು ಬಂತು. ಮಂಡ್ಯದ ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು.

ಊರವರು ಹಣೆಬರಹ ಅಂದರು. ಊರವರಿಗೇನು, ಎಲ್ಲದಕ್ಕೂ ಹಣೆಬರಹ ಅಂದುಬಿಟ್ಟರೆ ಯಾರನ್ನೂ ದೂರಬೇಕಾಗಿಲ್ಲ. ಆದರೆ ಹುಚ್ಚೀರಯ್ಯನಿಗೆ ಗೊತ್ತಿತ್ತು, ಈ ಬರಹದಲ್ಲಿ ಒಂದು ಸಾಲು ತಾನೇ ಬರೆದದ್ದು ಎಂದು.

ಆ ಸಾಲು ಯಾವುದೆಂದು ಹೇಳುತ್ತೇನೆ. ಎರಡು ವರ್ಷದ ಹಿಂದೆ ಪ್ರೀತಂ ಮಂಡ್ಯದಲ್ಲಿ ಒಂದು ವಾರ ಮರ ಹತ್ತುವ ತರಬೇತಿಗೆ ಹೋಗಿದ್ದ. ಬರುವಾಗ ಒಂದು ಕೆಂಪು ಬೆಲ್ಟು ತಂದ. ಸೊಂಟಕ್ಕೆ, ತೊಡೆಗೆ ಬಿಗಿದು ಮರಕ್ಕೆ ಸುತ್ತುಹಾಕಿಕೊಳ್ಳುವಂಥದ್ದು. ಕೈ ಜಾರಿದರೂ ಆಳು ಬೀಳದಂತೆ ಅದು ಹಿಡಿದುಕೊಳ್ಳುತ್ತದೆ. ಮಾರನೆಯ ದಿನ ತೋಟದಲ್ಲಿ ಏಳೆಂಟು ಜನರ ಎದುರು ಅದನ್ನು ಕಟ್ಟಿಕೊಂಡು ನಿಂತ. ಹುಚ್ಚೀರಯ್ಯ ಮಗನನ್ನು ಮೇಲಿಂದ ಕೆಳಗೆ ನೋಡಿದ.

"ಏನ್ಲಾ ಇದು, ಡಾಬು ಕಟ್ಕೊಂಡು ಬಂದಿದ್ದೀಯ? ಮರ ಅತ್ತೀಯೋ, ಅಸೆಮಣೆ ಅತ್ತೀಯೋ?"

ತೋಟವೆಲ್ಲ ನಕ್ಕಿತು. ಮದುವಣಗಿತ್ತಿಯ ನಡುವಿಗೆ ಕಟ್ಟುವ ಡಾಬಿನ ಹೆಸರು ಆ ಬೆಲ್ಟಿಗೆ ಅಂಟಿಕೊಂಡುಬಿಟ್ಟಿತು. ಪ್ರೀತಂ ಕೂಡ ನಕ್ಕ. ನಗುತ್ತಲೇ ಕೊಂಡಿಯನ್ನು ಚಟಕ್ಕನೆ ಬಿಚ್ಚಿದ. ಮನೆಗೆ ಬಂದು ಪಡಸಾಲೆಯ ಮೊಳೆಗೆ ನೇತುಹಾಕಿದ. ಮತ್ತೆ ಅದನ್ನು ಮುಟ್ಟಲಿಲ್ಲ.

ಮಗ ಸತ್ತು ಎಂಟು ತಿಂಗಳಾಗಿತ್ತು. ಹುಚ್ಚೀರಯ್ಯ ಮರ ಹತ್ತುವುದನ್ನೇ ಬಿಟ್ಟಿದ್ದ. ಈಗ ಹತ್ತುವವನು ಕಿರಿಯ ಮಗ ನಂದೀಶ. ಅವನೂ ಬರಿಮೈಯಲ್ಲೇ. ತಾಯಿ ಕಾಮಾಕ್ಷಮ್ಮ ದಿನಾ ಅಂಗಲಾಚುತ್ತಿದ್ದಳು.

"ಆ ಬೆಲ್ಟಾದ್ರೂ ಕಟ್ಕೊಂಡು ಓಗೋ ಮಗ. ನಿನ್ ಕಾಲಿಗೆ ಬೀಳ್ತೀನಿ."

"ಸುಮ್ಕಿರವ್ವ. ಅಪ್ಪ ಮೂವತ್ತೈದು ವರ್ಸ ಅತ್ತಿಲ್ವಾ? ಡಾಬು ಕಟ್ಕೊಂಡು ಓದ್ರೆ ಜನ ಏನಂದಾರು?"

ಜಗಲಿಯ ಮೇಲೆ ಕುಳಿತ ಹುಚ್ಚೀರಯ್ಯನಿಗೆ ತನ್ನದೇ ಮಾತು ಇನ್ನೊಬ್ಬ ಮಗನ ಬಾಯಲ್ಲಿ ಕೇಳಿಸುತ್ತಿತ್ತು. ಕಟ್ಟಿಕೋ ಎಂದು ಹೇಳಬಹುದಿತ್ತು. ಆದರೆ ಹೇಳಿದರೆ, ಹಿಂದೆ ಆಡಿದ ಮಾತು ತಪ್ಪು ಎಂದಾಗುತ್ತದೆ. ಅದು ತಪ್ಪಾದರೆ ಪ್ರೀತಂ ಸತ್ತದ್ದು ಯಾರಿಂದ? ಅಲ್ಲಿಗೆ ಬಂದು ಅವನ ನಾಲಿಗೆ ಕಟ್ಟಿಹೋಗುತ್ತಿತ್ತು. ನಂದೀಶ ಮನೆಗೆ ಬರುವವರೆಗೆ ದಿನಾ ಅವನು ಜಗಲಿ ಬಿಟ್ಟು ಏಳುತ್ತಿರಲಿಲ್ಲ.

ಇಂಥ ದಿನಗಳಲ್ಲಿ ಅಕ್ಸಾ ಮನೆಗೆ ಬಂದಳು. ಹುಚ್ಚೀರಯ್ಯನ ಹಳೆಯ ಗೆಳೆಯ, ಮದ್ದೂರಿನ ಎಳನೀರು ವ್ಯಾಪಾರಿ ಖಾಸಿಂನ ಮಗಳು. ಖಾಸಿಂಗಿಂತ ಹುಚ್ಚೀರಯ್ಯ ಎರಡು ವರ್ಷ ದೊಡ್ಡವನಾದ್ದರಿಂದ ಅವಳಿಗೆ ಅವನು ದೊಡ್ಡಪ್ಪ. ವಿಮಾನದಿಂದ ಪ್ಯಾರಾಚೂಟ್ ಕಟ್ಟಿ ಜನರನ್ನು ಹಾರಿಸುವ ಮೈದಾನವೊಂದು ಮೈಸೂರಿನ ಹೊರಗೆ ಇದೆ. ಅಕ್ಸಾ ಅಲ್ಲಿ ಪ್ಯಾರಾಚೂಟ್ ಮಡಚುವ ಕೆಲಸ ಮಾಡುತ್ತಾಳೆ.

"ದೊಡ್ಡಪ್ಪ, ನಮ್ಮಲ್ಲಿ ಕೆಲಸ ಮಾಡೋರು ವರ್ಷಕ್ಕೆ ಒಬ್ಬರನ್ನ ಪುಕ್ಕಟೆ ಹಾರಿಸಬಹುದು," ಅಂದಳು. "ನಾನು ಪ್ರೀತಂ ಹೆಸರು ಬರೆಸಿದ್ದೆ. 'ತೆಂಗಿನ ಮರಾನ ಒಂದ್ಸಲ ಮೇಲಿಂದ ನೋಡ್ಬೇಕು ಕಣಮ್ಮ' ಅಂತಿದ್ದ. ಬರೋ ಭಾನುವಾರ ಅವನ ಸರದಿ. ಹೆಸರು ಹೊಡೆದುಹಾಕೋಕೆ ಮನಸ್ಸು ಬರಲಿಲ್ಲ. ಅದಕ್ಕೇ ಬಂದೆ."

ಮೊಳೆಯಿಂದ ಇಳಿಬಿದ್ದ ಬೆಲ್ಟಿನ ಕೊಂಡಿಯನ್ನು ದೀಪಿಕ ಹಾಕುತ್ತ ಬಿಚ್ಚುತ್ತ ಆಡುತ್ತಿದ್ದಳು. ಅವಳಿಗೆ ಅದು ಆಟದ ಸಾಮಾನು.

"ನಾನ್ ಬತ್ತೀನಿ," ಅಂದ ಹುಚ್ಚೀರಯ್ಯ.

ಕಾಮಾಕ್ಷಮ್ಮ ಹೌಹಾರಿದಳು. "ನಿಮ್ಗೇನ್ ತಲೆ ಕೆಟ್ಟದಾ? ಒಬ್ಬನ್ನ ಕಳ್ಕೊಂಡಿದ್ದು ಸಾಲ್ದಾ?"

"ನನ್ ಮಗ ಓಗ್ಬೇಕಾಗಿದ್ ಜಾಗ ಕಣಮ್ಮಿ. ನಾನೇ ಓಯ್ತೀನಿ, ಬುಡು."

ಅವನ ಮನಸ್ಸಿನಲ್ಲಿ ಇನ್ನೊಂದು ಯೋಚನೆಯೂ ಇತ್ತು, ಅದನ್ನು ಬಾಯಿಬಿಡಲಿಲ್ಲ. ಇಳಿದರೆ ಇಳಿದೆ, ಇಲ್ಲದಿದ್ದರೆ ಮಗ ಹೋದ ದಾರಿಯೇ ಆಯಿತು.

ಭಾನುವಾರ ಅಕ್ಸಾ, ನಂದೀಶ, ಹುಚ್ಚೀರಯ್ಯ ಮೈಸೂರಿಗೆ ಹೋದರು. ಡಾಕ್ಟರು ಬಿಪಿ ನೋಡಿದರು, ತೂಕ ನೋಡಿದರು, ಹಳೆಯ ಕಾಯಿಲೆ ಕೇಳಿದರು. ಸೌಮ್ಯ ಎಂಬ ತರಬೇತುದಾರಳು ನೆಲದ ಮೇಲೇ ಅರ್ಧ ಗಂಟೆ ಪಾಠ ಮಾಡಿದಳು. ಹಾರುವಾಗ ಮೈಯನ್ನು ಬಾಳೆಹಣ್ಣಿನ ಹಾಗೆ ಬಾಗಿಸಬೇಕು, ಇಳಿಯುವಾಗ ಕಾಲು ಮುಂದಕ್ಕೆ ಎತ್ತಬೇಕು. ಹುಚ್ಚೀರಯ್ಯ ಎರಡು ಸಲ ತಪ್ಪು ಮಾಡಿದ. ಅವಳು ಬೇಸರಿಸಲೂ ಇಲ್ಲ, ನಗಲೂ ಇಲ್ಲ. "ಇನ್ನೊಂದ್ಸಲ ಮಾಡೋಣ ಯಜಮಾನ್ರೇ, ನಮಗೇನೂ ಅವಸರ ಇಲ್ಲ," ಅಂದಳು. ಕಲಿಯುವವನನ್ನು ನೋಡಿ ನಗದೆ ಇರುವುದೂ ಒಂದು ವಿದ್ಯೆ ಎಂದು ಆ ಹೊತ್ತು ಅವನಿಗೆ ಹೊಳೆಯಿತು.

ಅವನನ್ನು ಕಟ್ಟಿಕೊಂಡು ಹಾರುವವನು ದೊಡ್ಡಸಿದ್ದಯ್ಯ, ಮಳವಳ್ಳಿ ಕಡೆಯವನು. ಸೈನ್ಯದಲ್ಲಿದ್ದು ಬಂದ ಗಟ್ಟಿ ಆಳು. ಹೀಗೆ ಇಬ್ಬರು ಒಂದೇ ಪ್ಯಾರಾಚೂಟ್‌ನಲ್ಲಿ ಇಳಿಯುವುದಕ್ಕೆ ಅಲ್ಲಿ ಜೋಡಿ ಹಾರಾಟ ಅನ್ನುತ್ತಾರೆ. ಹೊಸಬ ಮುಂದೆ, ಅನುಭವಸ್ಥ ಹಿಂದೆ. ದೊಡ್ಡಸಿದ್ದಯ್ಯ ಹುಚ್ಚೀರಯ್ಯನ ಹೆಗಲಿಗೆ, ಎದೆಗೆ, ತೊಡೆಗೆ ಪಟ್ಟಿ ಹಾಕಿ ಎಳೆದು ಬಿಗಿದ. ಕೊಂಡಿ ಚಟಕ್ಕೆಂದಿತು. ಹುಚ್ಚೀರಯ್ಯ ಬೆಚ್ಚಿದ. ಅದೇ ಸದ್ದು.

ವಿಮಾನದ ಹತ್ತಿರ ಹೋದಾಗ ದೊಡ್ಡಸಿದ್ದಯ್ಯ ಪ್ರತಿಯೊಂದು ಕೊಂಡಿಯನ್ನೂ ಮತ್ತೆ ಮುಟ್ಟಿ ನೋಡಿದ. ವಿಮಾನ ಮೇಲೇರಿದಾಗ ಮೂರನೆಯ ಸಲ ನೋಡಿದ.

"ಎಷ್ಟು ಸಲ ಆರಿದ್ದೀರಿ?" ಹುಚ್ಚೀರಯ್ಯ ಕೇಳಿದ.

"ನಾಕ್ ಸಾವ್ರದ್ ಮೇಲಾಯ್ತು."

"ಅಷ್ಟು ಆರಿದೋರು ಇನ್ನೂ ಯಾಕಿಂಗೆ ನೋಡೀರಿ?"

"ನಾಕ್ ಸಾವ್ರ ಸಲ ನೋಡ್ಕೊಂಡಿದ್ಕೇ ನಾಕ್ ಸಾವ್ರ ಸಲ ಇಳ್ದಿರೋದು, ಯಜಮಾನ್ರೇ."

ಹುಚ್ಚೀರಯ್ಯ ಕಿಟಕಿಯ ಹೊರಗೆ ನೋಡುತ್ತ ಹೇಳಿದ, "ನಂಗೆ ಅಷ್ಟೊಂದು ಬಿಗಿ ಬ್ಯಾಡ. ಆದ್ದಾಗ್ಲಿ."

ದೊಡ್ಡಸಿದ್ದಯ್ಯನ ಕೈ ನಿಂತಿತು. ಇಳಿ ವಯಸ್ಸಿನವನ ಮುಖವನ್ನು ನೋಡಿದ. ಪ್ರೀತಂ ಮರದಿಂದ ಬಿದ್ದು ಸತ್ತದ್ದನ್ನು ಅಕ್ಸಾ ಅವನಿಗೆ ಮೊದಲೇ ಹೇಳಿದ್ದಳು.

"ಯಜಮಾನ್ರೇ, ಈ ಬೆಲ್ಟು ನಿಮ್ ಒಬ್ರುದಲ್ಲ. ನೀವು ಇದ್ರಲ್ಲಿ, ನಾನೂ ಇದ್ರಲ್ಲೇ. ಮನೇಲಿ ನಂಗೂ ಎರಡು ಮಕ್ಳವೆ. ನೀವು ಬ್ಯಾಡ ಅಂದ್ರೆ ಇಂಗೇ ವಿಮಾನದಲ್ಲೇ ಕೂತು ಇಳ್ಯಾನ, ಯಾರೂ ಏನೂ ಅನ್ನಾಕಿಲ್ಲ. ಆರೋದಾದ್ರೆ ಮಾತ್ರ ಬಿಗಿ ಇರ್ಬೇಕು."

ಹುಚ್ಚೀರಯ್ಯ ಕಣ್ಣು ಮುಚ್ಚಿದ. ಪಡಸಾಲೆಯ ಮೊಳೆ ಕಂಡಿತು. ಆ ಕೆಂಪು ಬೆಲ್ಟಿನಲ್ಲಿ ಪ್ರೀತಂ ಒಬ್ಬನೇ ಇರಲಿಲ್ಲ. ಪುಷ್ಪಾ ಇದ್ದಳು, ದೀಪಿಕ ಇದ್ದಳು, ಕಾಮಾಕ್ಷಮ್ಮ ಇದ್ದಳು, ತಾನೂ ಇದ್ದ. ಅಷ್ಟೂ ಜನರನ್ನು ಒಂದೇ ಮಾತಿನಲ್ಲಿ ಬಿಚ್ಚಿಸಿ ಗೋಡೆಗೆ ನೇತುಹಾಕಿಸಿದ್ದ.

"ಬಿಗಿ ಮಾಡಪ್ಪ," ಅಂದ. "ಇನ್ನೂ ಬಿಗಿ ಮಾಡು."

ಬಾಗಿಲು ತೆರೆಯಿತು. ಮೂವತ್ತೈದು ವರ್ಷ ಮರದ ತುದಿಯಲ್ಲಿ ಕೂತು ಬೀಡಿ ಸೇದಿದವನು ಅವತ್ತು ಎದೆಯ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬೆನ್ನ ಹಿಂದಿನಿಂದ "ನಾನಿವ್ನಿ" ಎಂಬ ದನಿ ಬಂತು. ಆಮೇಲೆ ಬರೀ ಗಾಳಿ. ಬೀಳುವುದೆಂದರೆ ಏನೆಂದು ಹುಚ್ಚೀರಯ್ಯ ಮೊದಲ ಬಾರಿಗೆ ತಿಳಿದ. ನನ್ನ ಮಗನಿಗೂ ಹೀಗೇ ಆಗಿರಬೇಕು, ಅವನ ಬೆನ್ನಿಗೆ ಯಾರೂ ಇರಲಿಲ್ಲ ಅನ್ನಿಸಿ ಬಾಯ್ತೆರೆದು ಕೂಗಿದ. ಕೂಗು ಅವನಿಗೇ ಕೇಳಿಸಲಿಲ್ಲ.

ಪ್ಯಾರಾಚೂಟ್ ಬಿಚ್ಚಿಕೊಂಡಿತು. ಪಟ್ಟಿಗಳು ತೊಡೆಯನ್ನು, ಎದೆಯನ್ನು ಗಪ್ಪನೆ ಹಿಡಿದವು. ಬೀಳುವುದು ನಿಂತು ಎಲ್ಲ ನಿಶ್ಶಬ್ದವಾಯಿತು. ಕೆಳಗೆ ತೆಂಗಿನ ತೋಟಗಳು ಅಂಗಳದ ಗರಿಕೆಯ ಹಾಗೆ ಚಿಕ್ಕದಾಗಿ ಕಂಡವು. ಪ್ರೀತಂ ನೋಡಬೇಕೆಂದಿದ್ದು ಇದನ್ನೇ. ಹುಚ್ಚೀರಯ್ಯ ಬಿಕ್ಕಿದ. ಬೆನ್ನಿಗಂಟಿದ ದೊಡ್ಡಸಿದ್ದಯ್ಯನಿಗೆ ಅದು ತಿಳಿಯದೆ ಇರುತ್ತದೆಯೇ?

"ಅಳೋದಾದ್ರೆ ಅತ್ಬುಡಿ. ಇಲ್ಲಿ ಯಾರ್ಗೂ ಕೇಳಾಕಿಲ್ಲ."

"ಅವನ್ನ ನಾನೇ ಕೆಡವ್ದೆ ಕಣಪ್ಪ. ನಾನೇ ನಕ್ಕು ಬಿಚ್ಚಿಸ್ದೆ."

ದೊಡ್ಡಸಿದ್ದಯ್ಯ ಇಲ್ಲ ಅನ್ನಲಿಲ್ಲ, ಹೌದು ಅನ್ನಲೂ ಇಲ್ಲ. "ಕೆಳಗಡೆ ಇನ್ನೊಬ್ಬ ನಿಂತವ್ನೆ, ನೋಡಿ," ಅಂದ. ಮೈದಾನದ ಅಂಚಿನಲ್ಲಿ ನಂದೀಶ ತಲೆಯೆತ್ತಿಕೊಂಡು ನಿಂತಿದ್ದ. ಅಷ್ಟು ಎತ್ತರದಿಂದ ಅವನು ತೀರಾ ಸಣ್ಣವನಾಗಿ ಕಂಡ. ನೆಲ ಮುಟ್ಟುವವರೆಗೂ ಹುಚ್ಚೀರಯ್ಯ ಅವನಿಂದ ಕಣ್ಣು ಕೀಳಲಿಲ್ಲ.

ಅವತ್ತು ಸಂಜೆ ಮನೆಯಲ್ಲಿ ಪುಷ್ಪಾ ತಟ್ಟೆ ತಂದಿಟ್ಟಳು. ಹುಚ್ಚೀರಯ್ಯ ಮುದ್ದೆ ಮುಟ್ಟಲಿಲ್ಲ.

"ಪುಷ್ಪಾ, ನಿನ್ ಗಂಡ ಆ ಬೆಲ್ಟ ಯಾಕ್ ಬಿಚ್ಚಿಟ್ಟ ಅಂತ ನಿಂಗೊತ್ತಾ?"

"ಗೊತ್ತು ಮಾವ."

ಅವನು ತಟ್ಟೆ ಸರಿಸಿ ಅವಳತ್ತ ತಿರುಗಿದ.

"ಅವತ್ತೇ ಬಂದು ಯೋಳಿದ್ರು. 'ಡಾಬು ಅಂತ ಅಪ್ಪ ನಕ್ಕುಬುಟ್ರು ಕಣಮ್ಮಿ' ಅಂತ. ಅವ್ರೂ ನಕ್ಕೊಂಡೇ ಯೋಳುದ್ರು." ಪುಷ್ಪಾ ಸೆರಗು ಬಾಯಿಗೆ ಒತ್ತಿಕೊಂಡಳು. "ನಾನು, ಯಾರಾದ್ರೂ ನಗ್ಲಿ, ನೀವು ಕಟ್ಕೊಳ್ಳಿ ಅನ್ಬೇಕಾಗಿತ್ತು. ಅನ್ನಲಿಲ್ಲ. ನಾನೂ ನಕ್ಕೆ ಮಾವ."

ಎಂಟು ತಿಂಗಳು ಆ ಸೊಸೆ ಎಲ್ಲ ತಿಳಿದೂ ಒಂದು ಮಾತಾಡದೆ ಮಾವನಿಗೆ ಬಡಿಸಿದ್ದಳು. ತನ್ನ ಪಾಲಿನ ತಪ್ಪನ್ನೂ ಒಬ್ಬಳೇ ನುಂಗಿಕೊಂಡಿದ್ದಳು. ಹುಚ್ಚೀರಯ್ಯ ಎದ್ದು ಹೋಗಿ ಮೊಳೆಯಿಂದ ಬೆಲ್ಟು ಇಳಿಸಿದ. ಮಡಿಲಲ್ಲಿಟ್ಟುಕೊಂಡು ಹೊಲಿಗೆಯನ್ನು, ಕೊಂಡಿಯನ್ನು ಒಂದೊಂದಾಗಿ ಮುಟ್ಟಿ ನೋಡಿದ. ದೊಡ್ಡಸಿದ್ದಯ್ಯ ನೋಡಿದ ಹಾಗೆಯೇ.

ಬೆಳಿಗ್ಗೆ ತೋಟದಲ್ಲಿ ಏಳೆಂಟು ಜನ ಸೇರಿದ್ದರು. ಹೆಚ್ಚುಕಡಿಮೆ ಅವತ್ತು ನಕ್ಕವರೇ. ಹುಚ್ಚೀರಯ್ಯ ಎಲ್ಲರೆದುರು ನಂದೀಶನನ್ನು ನಿಲ್ಲಿಸಿ, ಬಗ್ಗಿ ಅವನ ಸೊಂಟಕ್ಕೆ ಬೆಲ್ಟು ಸುತ್ತಿದ.

"ಅಪ್ಪ, ಬುಡು. ಜನ ನೋಡ್ತಾವ್ರೆ," ನಂದೀಶ ಮುಜುಗರಪಟ್ಟ.

"ನೋಡ್ಲಿ ಬುಡ್ಲಾ." ಹುಚ್ಚೀರಯ್ಯ ಜನರ ಕಡೆ ತಿರುಗಿದ. "ನಗೋರು ನಗ್ರಪ್ಪ. ಇದ್ಕೆ ಡಾಬು ಅಂತ ಮೊದ್ಲು ನಕ್ಕೋನು ನಾನು. ಆ ನಗೂಗೆ ನನ್ ಮಗನ್ನ ಕೊಟ್ಟೆ. ಮೂವತ್ತೈದು ವರ್ಸ ನಾನ್ ಬೀಳ್ದೆ ಇದ್ದಿದ್ದು ನನ್ ಜಾಣತನ ಅಂದ್ಕೊಂಡಿದ್ದೆ. ಅಲ್ಲ ಕಣ್ರಪ್ಪ. ಬೀಳೋ ದಿನ ನಂಗೆ ಬರ್ಲಿಲ್ಲ, ಅವನ್ಗೆ ಬಂತು. ಅಷ್ಟೇಯ."

ಯಾರೂ ನಗಲಿಲ್ಲ. ಹುಚ್ಚೀರಯ್ಯ ಕೊಂಡಿ ಹಾಕಿ ಎಳೆದು ನೋಡಿದ. ಬಿಡಿಸಿ, ಮತ್ತೆ ಹಾಕಿ, ಮತ್ತೆ ಎಳೆದು ನೋಡಿದ.

"ಡಾಬು ಕಟ್ಟಿವ್ನಿ ಮಗ," ಅಂದ. "ಈಗ ಅತ್ತು."

ನಂದೀಶ ಹತ್ತಿದ. ಅವನು ಇಳಿಯುವವರೆಗೆ ಹುಚ್ಚೀರಯ್ಯ ಮರದ ಬುಡ ಬಿಟ್ಟು ಕದಲಲಿಲ್ಲ.

ಓದುವ ಅಣ್ಣಂದಿರೇ, ಕೇಳುತ್ತಿರುವ ಅಕ್ಕಂದಿರೇ, ನಿಮ್ಮ ಮನೆಯಲ್ಲೂ ತೆಂಗಿನ ಮರ ಹತ್ತುವವರು ಇರಬಹುದು, ಕರೆಂಟು ಕಂಬ ಹತ್ತುವವರು, ಎತ್ತರದ ಗೋಡೆಗೆ ಬಣ್ಣ ಬಳಿಯುವವರು ಇರಬಹುದು. "ನೋಡ್ಕೊಂಡು ಅತ್ತು" ಅಂದರೆ ಸಾಲದು, "ಬೆಲ್ಟು ಕಟ್ಕೊಂಡು ಅತ್ತು" ಅನ್ನಿ. ಮೊಳೆಯಲ್ಲಿ ತೂಗುತ್ತಿರುವ ಬೆಲ್ಟು ಇದ್ದರೆ ಇವತ್ತೇ ಇಳಿಸಿ, ಹೊಲಿಗೆ ಬಿಟ್ಟಿದೆಯೇ, ಕೊಂಡಿ ಸರಿಯಿದೆಯೇ ನೋಡಿ. ಬೆಲ್ಟು ಇಲ್ಲದಿದ್ದರೆ, ಹತ್ತುವ ತರಬೇತಿ ಬೇಕಿದ್ದರೆ, ನಿಮ್ಮ ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ವಿಚಾರಿಸಿ. ಹತ್ತುವವರಿಗೆ ವಿಮೆ ಇದೆಯೇ ಎಂದೂ ಅಲ್ಲೇ ಕೇಳಿ. ಮಳೆ ನೆನೆದ ಮರವನ್ನು ಆ ದಿನ ಬಿಟ್ಟುಬಿಡಿ, ಎಳನೀರು ಎಲ್ಲಿಗೂ ಓಡಿಹೋಗುವುದಿಲ್ಲ. ಯಾರಾದರೂ ಬಿದ್ದರೆ ಕೈಕಾಲು ಹಿಡಿದು ಎತ್ತಿ ಆಟೋಗೆ ತುಂಬಬೇಡಿ, ಬೆನ್ನುಮೂಳೆಗೆ ಪೆಟ್ಟಾಗಿರಬಹುದು. ಮೊದಲು 108ಕ್ಕೆ ಫೋನ್ ಮಾಡಿ.

ಮನೆಯ ಹಿರಿಯರಿಗೆ ಇನ್ನೂ ಒಂದು ಮಾತಿದೆ. ನಾಳೆ ನಿಮ್ಮ ಮಗನೋ ಅಳಿಯನೋ ಬೆಲ್ಟು ಕಟ್ಟಿಕೊಂಡು ತೋಟಕ್ಕೆ ಬಂದಾಗ ಯಾರಾದರೂ ನಕ್ಕಾರು. ಅವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಹುಚ್ಚೀರಯ್ಯನ ಈ ಕಥೆ ಹೇಳಿ.