ಏಳನೇ ತಿಂಗಳ ಕಡುಬು

ಹಿಟ್ಟು ಮತ್ತೆ ಬಿರುಕು ಬಿಟ್ಟಿತು. ಆದಿಲಕ್ಷ್ಮಿ ಕೈಗೆ ಎಣ್ಣೆ ಸವರಿಕೊಂಡು ಇನ್ನೊಂದು ಸಲ ನಾದಿದಳು. ಅಂಗೈಯಗಲ ತಟ್ಟಿ, ಮೆಣಸಿನಕಾಯಿ ಹಾಕಿ ರುಬ್ಬಿದ ಬೇಳೆ ತುಂಬಿ ಮಡಚುವಷ್ಟರಲ್ಲಿ ಅಂಚು ಸೀಳಿಹೋಯಿತು.

ತಪ್ಪು ಅವಳದೇ. ಹುಟ್ಟಿದಾಗಿನಿಂದ ರಾಗಿಮುದ್ದೆ ತೊಳಸಿದ ಕೈ. ಕುದಿಯುವ ನೀರಿಗೆ ಅಕ್ಕಿಹಿಟ್ಟು ಸುರಿದು ಕೂಡಲೇ ಇಳಿಸುವುದು ಬಿಟ್ಟು, ಅಯ್ಯೋ, ಮುದ್ದೆಗೆ ಬೇಯಿಸಿದ ಹಾಗೆ ಬೇಯಿಸಿಬಿಟ್ಟಿದ್ದಳು! ಹಿಟ್ಟು ನೀರನ್ನೆಲ್ಲ ಕುಡಿದು ಕೂತಿತ್ತು. ಯುದ್ಧದ ಕಾಲ, ರೇಷನ್ನಿನಲ್ಲಿ ಸಿಕ್ಕ ಹಾಳು ಅಕ್ಕಿ ಅಷ್ಟೂ ಇದರಲ್ಲೇ ಮುಗಿದಿತ್ತು.

ಆ ಮನೆಯಲ್ಲಿ ಬಸುರಿಗೆ ಏಳು ತುಂಬಿದ ದಿನ ಅವಳ ಕೈಯಿಂದಲೇ ಖಾರದ ಕಡುಬು ಮಾಡಿಸುತ್ತಿದ್ದರು. ಹಬೆಯಲ್ಲಿ ಒಂದು ಒಡೆದರೂ ಕೂಸು ದಕ್ಕುವುದಿಲ್ಲವಂತೆ. ಆದಿಲಕ್ಷ್ಮಿಯದು ಹಿಂದೆ ಎರಡು ಸಲ ಒಡೆದಿತ್ತು, ಎರಡು ಕೂಸೂ ದಕ್ಕಲಿಲ್ಲ. ಈ ಸಲವೂ ಒಡೆದರೆ ಇವಳನ್ನು ರಾಯಲ್ಪಾಡಿನ ತವರಿಗೆ ಅಟ್ಟಿ, ಮೊಮ್ಮಗ ಕದಿರಪ್ಪನಿಗೆ ಹುತ್ತೂರಿನ ಹುಡುಗಿಯನ್ನು ತರುತ್ತೇನೆಂದು ಮನೆಯ ಹಿರಿಯಜ್ಜಿ ಶಾಮಲಮ್ಮ ಹೇಳಿಯಾಗಿತ್ತು. ಕದಿರಪ್ಪನೋ, ಅಜ್ಜಿಯ ಮುಂದೆ ತುಟಿ ಪಿಟಕ್ಕೆನ್ನುವ ಗಂಡಸಲ್ಲ.

"ಅತ್ತೆ, ಇದು ಕೂಡ್ತಾನೇ ಇಲ್ಲ. ನಾನೇನ್ ಮಾಡ್ಲಿ?"

ಒಲೆಯ ಮುಂದಿದ್ದ ಅತ್ತೆ ಆಂಜಿನಮ್ಮ ತಿರುಗಿಯೂ ನೋಡಲಿಲ್ಲ. "ನೀರದ್ಕೊಂಡು ಒತ್ತೇ. ಅಳ್ಬೇಡ, ಅತ್ರೆ ಕೈ ನಡುಗ್ತೈತೆ."

ಅಳದೆ ಹೇಗಿರುತ್ತಾಳೆ? ಮೂಗು ಒರೆಸಿಕೊಳ್ಳುತ್ತ ಹೇಗೋ ಒಂಬತ್ತು ಕಡುಬು ಮುಚ್ಚಿದಳು. ಆಂಜಿನಮ್ಮ ಅವನ್ನು ಹಬೆಗಿಟ್ಟಳು.

ಸ್ವಲ್ಪ ಹೊತ್ತಿಗೆ ನಡುಮನೆಯಲ್ಲಿ ಊರುಗೋಲಿನ ಸದ್ದಾಯಿತು. "ಬೆಂದ್ವೇನೇ ಆಂಜಿನಮ್ಮ? ನಾನೇ ಬಂದು ನೋಡ್ತೀನಿ."

ಆಂಜಿನಮ್ಮ ಮುಚ್ಚಳ ತೆಗೆದಳು. ನಡುವಿನದೊಂದು ಒಡೆದು ಬೇಳೆಯೆಲ್ಲ ಹೊರಗೆ ಬಂದಿತ್ತು.

"ಮುಗೀತು ಅತ್ತೆ, ನನ್ ಕತೆ ಮುಗೀತು," ಎಂದು ಆದಿಲಕ್ಷ್ಮಿ ಕುಸಿದು ಕೂತಳು.

ಆಂಜಿನಮ್ಮ ಒಡೆದ ಕಡುಬನ್ನು ಬರಿಗೈಯಲ್ಲಿ ಬಾಚಿ ಇಡಿಯಾಗಿ ಬಾಯಿಗೆ ತುರುಕಿಕೊಂಡಳು. ಉಳಿದವನ್ನು ಸರಿಸಿ ಜಾಗ ಮುಚ್ಚಿದಳು. ಅಷ್ಟರಲ್ಲಿ ಅಜ್ಜಿ ಹೊಸಿಲು ದಾಟಿ ಬಂದು, ಬಗ್ಗಿ ಒಂದೊಂದನ್ನೇ ನೋಡಿದಳು.

"ಇಷ್ಟೇ ತಾನೆ?"

ಆಂಜಿನಮ್ಮ ತಲೆಯಾಡಿಸಿದಳು. ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು.

"ನೀನ್ಯಾಕೆ ಅಳ್ತೀಯೇ?"

"ಹೊಗೆ ಅಜ್ಜಿ," ಎಂದಳು ಆದಿಲಕ್ಷ್ಮಿ. "ಸೌದೆ ಹಸಿ."

ಅಜ್ಜಿ ಹೊರಡಲಿಲ್ಲ. ಮಣೆ ಎಳೆದುಕೊಂಡು ಅಲ್ಲೇ ಕೂತಳು. ಆಂಜಿನಮ್ಮ ಅವಳಿಗೆ ಬೆನ್ನು ಮಾಡಿ ಒಲೆಗೆ ಸೌದೆ ತಳ್ಳುತ್ತಲೇ ಇದ್ದಳು, ನುಂಗಲಾರದೆ, ಉಗುಳಲಾರದೆ.